ಕೈಕಸುಬು ತಂದ ಬಿಡುಗಡೆ

ಹಸಿದು ಬಂದವರಿಗೆ ಅನ್ನವಿಕ್ಕುವುದು, ಬಾಯಾರಿ ಬಂದವರಿಗೆ ನೀರು ಕೊಡುವುದು ನಮ್ಮ ನಾಡಿನಲ್ಲಿ ತಲೆತಲಾಂತರದಿಂದ ನಡೆದುಬಂದ ಧರ್ಮ. ಊರೂರಿನ ಛತ್ರಗಳೂ ದಾರಿಬದಿಯ ಅರವಟ್ಟಿಗೆಗಳೂ ಇದಕ್ಕೆ ಸಾಕ್ಷಿ. ಆದರೆ ಛತ್ರದಲ್ಲಿ ಉಂಡು ಎದ್ದವರು ಮರುದಿನ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಛತ್ರ ಕಟ್ಟಿಸಿದವರು ಕೇಳಿಕೊಳ್ಳಲಿಲ್ಲ; ಅದು ಅವರ ಕೆಲಸವೂ ಆಗಿರಲಿಲ್ಲ. ಗಂಡಸಾದರೆ ಕೂಲಿನಾಲಿ ಮಾಡಿಯೋ, ಊರು ಬಿಟ್ಟು ಹೋಗಿಯೋ ಹೇಗಾದರೂ ಬದುಕಿಕೊಂಡಾನು. ತಂದೆತಾಯಿಗಳನ್ನು ಕಳೆದುಕೊಂಡ ಹುಡುಗಿ, ಹತ್ತು ಹನ್ನೆರಡರ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ಬಾಲವಿಧವೆ, ಬರಗಾಲದಲ್ಲಿ ಮನೆಯವರೇ ಕೈಬಿಟ್ಟ ಮಗಳು ಎಲ್ಲಿಗೆ ಹೋಗಬೇಕು? ನೆಂಟರ ಮನೆಯ ಮೂಲೆಯಲ್ಲಿ ಮುಸುರೆ ತಿಕ್ಕಿಕೊಂಡು, ಆಡಿದ ಮಾತುಗಳನ್ನೆಲ್ಲ ಕೇಳಿಕೊಂಡು ಬಿದ್ದಿರಬೇಕು. ಇಲ್ಲವೆ ಬೀದಿಗೆ ಬೀಳಬೇಕು. ಮೊದಲನೆಯದರಲ್ಲಿ ಅನ್ನವಿತ್ತು, ಮಾನವಿರಲಿಲ್ಲ. ಎರಡನೆಯದರಲ್ಲಿ ಎರಡೂ ಇರಲಿಲ್ಲ.

ಇಂತಹ ಹುಡುಗಿಯರಿಗೆ ಕನಿಕರ ತೋರಿಸಿದರೆ ಸಾಲದು, ಒಂದು ಕಸುಬನ್ನು ಕಲಿಸಿ ತಮ್ಮ ಕಾಲಿನ ಮೇಲೆ ತಾವೇ ನಿಲ್ಲುವಂತೆ ಮಾಡಬೇಕು ಎಂಬ ವಿಚಾರ ನಮ್ಮ ದೇಶದಲ್ಲಿ ಬೇರೂರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. ಅದನ್ನು ಕಾರ್ಯರೂಪಕ್ಕೆ ತಂದವರಲ್ಲಿ ಮೊದಲ ಸಾಲಿನವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು ನಮ್ಮ ಸಹ್ಯಾದ್ರಿಯ ಮಡಿಲಿನಲ್ಲಿ, ತುಂಗಾಭದ್ರೆಯರ ಉಗಮಸ್ಥಾನವಾದ ಗಂಗಾಮೂಲದಲ್ಲಿ, 1858ರಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಸಂಸ್ಕೃತದಲ್ಲಿ ದೊಡ್ಡ ವಿದ್ವಾಂಸರು. ಹೆಂಗಸರು ಸಂಸ್ಕೃತ ಕಲಿಯಬಾರದೆಂದು ಕಾಲವೆಲ್ಲ ಕೂಗುತ್ತಿದ್ದಾಗ ಅವರು ತಮ್ಮ ಪತ್ನಿಗೆ ಸಂಸ್ಕೃತ ಕಲಿಸಿದರು. ಆ ತಾಯಿ ಮಗಳಿಗೆ ಕಲಿಸಿದಳು. ಮನೆಮಂದಿಯೆಲ್ಲ ಪುರಾಣ ಹೇಳುತ್ತ ತೀರ್ಥಕ್ಷೇತ್ರಗಳನ್ನು ಸುತ್ತಿದರು. 1870ರ ದಶಕದಲ್ಲಿ ದಕ್ಷಿಣ ದೇಶವನ್ನು ಕ್ಷಾಮ ಕಾಡಿದಾಗ ಹಸಿವಿನಿಂದ ನವೆದು ತಂದೆತಾಯಿಗಳು ತೀರಿಕೊಂಡರು. ಉಳಿದ ಅಣ್ಣ ತಂಗಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆಯನ್ನು ಸೇರಿದರು. ಇಪ್ಪತ್ತು ವರ್ಷದ ಹುಡುಗಿಯ ವಿದ್ವತ್ತನ್ನು ಕಂಡು ಬೆರಗಾದ ಅಲ್ಲಿಯ ವಿದ್ವಾಂಸರು ಆಕೆಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನಿತ್ತರು. ಮುಂದೆ ಅಣ್ಣ ತೀರಿಕೊಂಡ. ಬಂಗಾಳದ ವಕೀಲರೊಬ್ಬರನ್ನು ಮದುವೆಯಾದ ರಮಾಬಾಯಿ ಎರಡು ವರ್ಷ ತುಂಬುವಷ್ಟರಲ್ಲಿ, 1882ರಲ್ಲಿ, ಕೈಕೂಸಿನೊಡನೆ ವಿಧವೆಯಾದರು. ಹಸಿವು, ಅನಾಥತೆ, ವೈಧವ್ಯ ಈ ಮೂರನ್ನೂ ಅವರು ಪುಸ್ತಕದಿಂದ ಅರಿತವರಲ್ಲ.

ಅದೇ ವರ್ಷ ಸರಕಾರ ನೇಮಿಸಿದ ಹಂಟರ್ ಶಿಕ್ಷಣ ಆಯೋಗದ ಮುಂದೆ ರಮಾಬಾಯಿ ಸಾಕ್ಷ್ಯ ನುಡಿದರು. ಹೆಣ್ಣುಮಕ್ಕಳ ಶಾಲೆಗಳಿಗೆ ಹೆಂಗಸರೇ ಉಪಾಧ್ಯಾಯಿನಿಯರಾಗಬೇಕು, ಹೆಂಗಸರ ಕಾಯಿಲೆಗಳಿಗೆ ಹೆಂಗಸರೇ ವೈದ್ಯರಾಗಬೇಕು ಎಂಬುದು ಅವರ ಮಾತಿನ ಸಾರ. ಇದರ ಮಹತ್ತ್ವವನ್ನು ಸ್ವಲ್ಪ ವಿವರಿಸಬೇಕು. ಆ ಕಾಲದಲ್ಲಿ ಗಂಡಸರು ಪಾಠ ಹೇಳುವ ಶಾಲೆಗೆ ಮಗಳನ್ನು ಕಳುಹಿಸಲು ತಂದೆತಾಯಿಗಳು ಒಪ್ಪುತ್ತಿರಲಿಲ್ಲ. ಪಾಠ ಹೇಳಬಲ್ಲ ಹೆಂಗಸರೋ ಇರಲೇ ಇಲ್ಲ. ಆದುದರಿಂದ ಶಾಲೆಗಳು ಮಕ್ಕಳಿಲ್ಲದೆ ಬಣಗುಡುತ್ತಿದ್ದುವು. ಇನ್ನೊಂದು ಕಡೆ ಸಾವಿರಾರು ಮನೆಗಳಲ್ಲಿ ಬುದ್ಧಿಯೂ ಬಿಡುವೂ ಇದ್ದು ಮಾಡಲು ಕೆಲಸವಿಲ್ಲದ ವಿಧವೆಯರು ಕಣ್ಣೀರಿನಲ್ಲಿ ದಿನ ತಳ್ಳುತ್ತಿದ್ದರು. ಒಂದು ಕಡೆ ಕೆಲಸಕ್ಕೆ ಆಳಿಲ್ಲ, ಇನ್ನೊಂದು ಕಡೆ ಆಳಿಗೆ ಕೆಲಸವಿಲ್ಲ. ಈ ಎರಡು ಕೊರತೆಗಳನ್ನು ಒಂದಕ್ಕೊಂದು ಜೋಡಿಸಿದರೆ ಎರಡೂ ನೀಗುತ್ತವೆಂಬುದು ಇಂದು ನಮಗೆ ಸುಲಭವಾಗಿ ತೋರುತ್ತದೆ. ಅಂದು ಅದನ್ನು ಕಂಡವರು ಬೆರಳೆಣಿಕೆಯ ಮಂದಿ.

ರಮಾಬಾಯಿ ಇಂಗ್ಲೆಂಡಿಗೂ ಅಮೆರಿಕಕ್ಕೂ ಹೋಗಿಬಂದು, ಅಲ್ಲಿ ಶಿಶುವಿಹಾರದ ಶಿಕ್ಷಣಕ್ರಮವನ್ನು ಅಭ್ಯಾಸಮಾಡಿ, ತಮ್ಮ ಪುಸ್ತಕದಿಂದಲೂ ಭಾಷಣಗಳಿಂದಲೂ ಹಣ ಕೂಡಿಸಿ, 1889ರ ಮಾರ್ಚ್ ತಿಂಗಳಿನಲ್ಲಿ ಮುಂಬಯಿಯಲ್ಲಿ ‘ಶಾರದಾ ಸದನ’ವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಆರಂಭದ ವಿದ್ಯಾರ್ಥಿನಿಯರಲ್ಲಿ ಗೋದೂಬಾಯಿ ಎಂಬ ತರುಣ ವಿಧವೆ ಒಬ್ಬಳು. ಮುಂದೆ 1893ರಲ್ಲಿ ಈಕೆಯನ್ನು ಮರುಮದುವೆಯಾದವರು ಧೋಂಡೋ ಕೇಶವ ಕರ್ವೆ. ಅವರು 1896ರಲ್ಲಿ ಪುಣೆಯಲ್ಲಿ ವಿಧವೆಯರಿಗಾಗಿ ಅನಾಥ ಬಾಲಿಕಾಶ್ರಮವನ್ನೂ, 1916ರಲ್ಲಿ ಮಹಿಳೆಯರಿಗಾಗಿಯೇ ಒಂದು ವಿಶ್ವವಿದ್ಯಾಲಯವನ್ನೂ ಸ್ಥಾಪಿಸಿದ ಮಹನೀಯರು. ಒಂದು ದೀಪದಿಂದ ಇನ್ನೊಂದು ಹೊತ್ತಿಕೊಂಡ ಬಗೆ ಇದು.

ರಮಾಬಾಯಿ ಇಂಗ್ಲೆಂಡಿನಲ್ಲಿದ್ದಾಗಲೇ, 1883ರಲ್ಲಿ, ಕ್ರೈಸ್ತಮತವನ್ನು ಸ್ವೀಕರಿಸಿದ್ದರು. ಸದನದ ಹುಡುಗಿಯರ ಮೇಲೆ ಆ ಮತದ ಪ್ರಭಾವ ಬೀಳುತ್ತಿದೆಯೆಂಬ ಆಕ್ಷೇಪವೆದ್ದು, 1893ರಲ್ಲಿ ಅನೇಕ ಪೋಷಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಆ ವಾದದ ಸರಿತಪ್ಪುಗಳನ್ನು ವಿಚಾರಿಸುವುದು ಈ ಪಾಠದ ಕೆಲಸವಲ್ಲ. ನಾವು ಗಮನಿಸಬೇಕಾದುದು ಅದಾದ ಮೇಲೆ ನಡೆದ ಸಂಗತಿಯನ್ನು.

1896–97ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರವಾದ ಬರಗಾಲ ಬಿತ್ತು. ರಮಾಬಾಯಿ ಆ ಸೀಮೆಗೆ ಹೋಗಿ, ಎಲುಬುಗೂಡಾಗಿದ್ದ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯ ಪೂರ್ವಕ್ಕಿರುವ ಕೇಡಗಾಂವ್ ಎಂಬಲ್ಲಿ ಕೊಂಡಿದ್ದ ಜಮೀನಿನಲ್ಲಿ ಅವರಿಗಾಗಿ ಬೆಳೆದುನಿಂತ ನೆಲೆಯೇ ‘ಮುಕ್ತಿ ಸದನ’. 1900ರಲ್ಲಿ ಗುಜರಾತಿನ ಕಡೆ ಮತ್ತೆ ಬರ ಬಿದ್ದಾಗ ಅಲ್ಲಿದ್ದವರ ಸಂಖ್ಯೆ ಸಾವಿರವನ್ನು ಮೀರಿತು. ಶಾರದಾ ಸದನದಲ್ಲಿದ್ದವರು ಓದು ಕಲಿತು ಉಪಾಧ್ಯಾಯಿನಿಯರಾಗಬಲ್ಲವರು. ಮುಕ್ತಿ ಸದನಕ್ಕೆ ಬಂದವರ ಸ್ಥಿತಿ ಹಾಗಿರಲಿಲ್ಲ. ಅಕ್ಷರದ ಗಂಧವೇ ಇಲ್ಲದ ರೈತಾಪಿ ಮಕ್ಕಳು, ಕೂಲಿಯವರ ಮಕ್ಕಳು, ಕಣ್ಣು ಕಾಣದವರು, ಮೈಯಲ್ಲಿ ತ್ರಾಣವಿಲ್ಲದವರು, ಎಲ್ಲರೂ ಇದ್ದರು. ಇಷ್ಟು ಜನಕ್ಕೆ ಒಂದೇ ಕಸುಬನ್ನು ಕಲಿಸಲು ಬರುವುದೆ?

ರಮಾಬಾಯಿ ಹಾಗೆ ಮಾಡಲಿಲ್ಲ. ಅಲ್ಲಿ ಬಾವಿಗಳನ್ನು ತೋಡಿಸಿದರು, ಹೊಲ ತೋಟಗಳನ್ನು ಮಾಡಿಸಿದರು. ಹೈನುಗಾರಿಕೆ, ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಬಟ್ಟೆ ಒಗೆದು ಮಡಿಮಾಡುವುದು, ಅಡುಗೆ ಹೀಗೆ ಒಬ್ಬೊಬ್ಬರ ಶಕ್ತಿಗೆ ತಕ್ಕ ಒಂದೊಂದು ಕೆಲಸ. ಕಣ್ಣು ಕಾಣದ ಹುಡುಗಿಯರಿಗಾಗಿ ರಮಾಬಾಯಿಯ ಮಗಳು ಮನೋರಮಾ ಬ್ರೈಲ್ ಲಿಪಿಯನ್ನು ಕಲಿತುಬಂದು ಕಲಿಸಿದರು. ಎಲ್ಲಕ್ಕಿಂತ ಮಿಗಿಲಾದುದು ಅಲ್ಲಿಯ ಮುದ್ರಣಾಲಯ. ಅಚ್ಚುಮೊಳೆಗಳನ್ನು ಜೋಡಿಸುವುದರಿಂದ ಹಿಡಿದು ಹಾಳೆ ಮಡಿಸಿ ರಟ್ಟು ಕಟ್ಟುವವರೆಗೆ ಹುಡುಗಿಯರೇ ದುಡಿದರು. ರಮಾಬಾಯಿ ಮರಾಠಿಗೆ ಅನುವಾದಿಸಿದ ಬೈಬಲ್ ಗ್ರಂಥ ಅಚ್ಚಾಗಿ ಹೊರಬಂದುದು ಈ ಕೈಗಳಿಂದ. ಆ ಕಾಲದ ಪಟ್ಟಣಗಳಲ್ಲಿಯೇ ಅಚ್ಚುಕೂಟದ ಕೆಲಸ ಗಂಡಸರ ಸೊತ್ತಾಗಿತ್ತೆಂಬುದನ್ನು ನೆನೆದರೆ ಈ ಸಂಗತಿಯ ಬೆಲೆ ತಿಳಿಯುತ್ತದೆ. ‘ಹೆಣ್ಣಿಗೆ ಸೂಜಿದಾರವೇ ಸಾಕು’ ಎಂಬ ಮಾತು ಇಂದಿಗೂ ನಮ್ಮಲ್ಲಿ ಪೂರ್ತಿ ಸತ್ತಿಲ್ಲ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಕೇಡಗಾಂವ್‌ನಂತಹ ಹಳ್ಳಿಯಲ್ಲಿ ಅದಕ್ಕೆ ಉತ್ತರ ದೊರೆತಿತ್ತು.

ಕಸುಬನ್ನು ಆರಿಸುವುದರಲ್ಲಿ ಇನ್ನೊಂದು ಬಗೆಯ ಜಾಣ್ಮೆ ತೋರಿದವರು ಮದರಾಸಿನ ಸಹೋದರಿ ಸುಬ್ಬಲಕ್ಷ್ಮಿ. 1886ರಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿಯೇ ಮದುವೆಯಾಯಿತು. ಕೆಲವೇ ಕಾಲದಲ್ಲಿ ವೈಧವ್ಯವೂ ಬಂತು. ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುವ ಬದಲು ತಂದೆ ಮಗಳಿಗೆ ಪಾಠ ಹೇಳಿಸಿದರು. 1911ರಲ್ಲಿ ಆಕೆ ಪ್ರೆಸಿಡೆನ್ಸಿ ಕಾಲೇಜಿನಿಂದ ಪದವಿ ಪಡೆದರು. ಮದರಾಸು ಪ್ರಾಂತದಲ್ಲಿ ಪದವೀಧರೆಯಾದ ಮೊದಲ ಹಿಂದೂ ವಿಧವೆ ಅವರೇ. ಮರುವರ್ಷ ನಾಲ್ವರು ಬಾಲವಿಧವೆಯರನ್ನು ಇಟ್ಟುಕೊಂಡು ತಮ್ಮ ಮನೆಯಲ್ಲಿಯೇ ಒಂದು ವಸತಿಗೃಹವನ್ನು ಆರಂಭಿಸಿದರು. ಹೆಣ್ಣುಮಕ್ಕಳ ಶಾಲೆಗಳ ಮೇಲ್ವಿಚಾರಣೆ ನೋಡುತ್ತಿದ್ದ ಮಿಸ್ ಲಿಂಚ್ ಎಂಬ ಅಧಿಕಾರಿಣಿ ಅವರಿಗೆ ಬೆಂಬಲವಾಗಿ ನಿಂತರು. ಶಾಲೆಗಳಿಗೆ ಉಪಾಧ್ಯಾಯಿನಿಯರು ಸಿಗದೆ ಇಲಾಖೆ ಪರದಾಡುತ್ತಿದ್ದ ಕಾಲವದು. ಸುಬ್ಬಲಕ್ಷ್ಮಿಯವರ ಹುಡುಗಿಯರು ತರಬೇತಿ ಮುಗಿಸಿ ಹೊರಬರುವುದನ್ನೇ ಕೆಲಸ ಕಾದು ನಿಂತಿತ್ತು. ಕಲಿಸುವ ಮೊದಲೇ ‘ಇದನ್ನು ಕಲಿತವಳಿಗೆ ಸಂಬಳ ಕೊಡುವವರು ಯಾರು?’ ಎಂಬುದು ಅಲ್ಲಿ ಗೊತ್ತಾಗಿತ್ತು.

ಹುಡುಗಿಯರ ಸಂಖ್ಯೆ ಬೆಳೆದಾಗ ವಸತಿಗೃಹಕ್ಕೆ ದೊರೆತ ಕಟ್ಟಡದ ಕಥೆ ಸ್ವಾರಸ್ಯವಾಗಿದೆ. ಮದರಾಸಿನ ಕಡಲ ದಂಡೆಯ ಮೇಲೆ ‘ಐಸ್ ಹೌಸ್’ ಎಂಬ ದುಂಡುಮೊಗದ ಕಟ್ಟಡವೊಂದಿದೆ. ಮಂಜುಗಡ್ಡೆ ಮಾಡುವ ಯಂತ್ರಗಳು ಬರುವುದಕ್ಕೆ ಮುಂಚೆ, ಅಮೆರಿಕದ ಕೆರೆಗಳಲ್ಲಿ ಚಳಿಗಾಲಕ್ಕೆ ಗಟ್ಟಿಯಾದ ನೀರನ್ನು ಕೊಯ್ದು, ಮರದ ಹೊಟ್ಟಿನಲ್ಲಿ ಹುದುಗಿಸಿ, ಹಡಗಿನಲ್ಲಿ ತಂದು ಇಲ್ಲಿ ಕೂಡಿಡುತ್ತಿದ್ದರು. ಆ ವ್ಯಾಪಾರ ನಿಂತ ಮೇಲೆ ಕಟ್ಟಡ ಕೈಯಿಂದ ಕೈಗೆ ಹೋಯಿತು. ಸ್ವಾಮಿ ವಿವೇಕಾನಂದರು 1897ರಲ್ಲಿ ಪಶ್ಚಿಮದಿಂದ ಹಿಂದಿರುಗಿದಾಗ ಅಲ್ಲಿಯೇ ತಂಗಿದ್ದರು. 1915ರ ವೇಳೆಗೆ ಅದು ಬಾಲವಿಧವೆಯರ ಮನೆಯಾಯಿತು. ವಿಧವೆಯ ಮುಖ ನೋಡಿ ಹೊರಟರೆ ಕೆಲಸ ಕೆಡುತ್ತದೆಂದು ನಂಬುವವರ ಬೀದಿಗಳಿಂದ ದೂರದಲ್ಲಿ, ಕಡಲಗಾಳಿಯಲ್ಲಿ ಓಡಾಡಿಕೊಂಡು ಹುಡುಗಿಯರು ಓದಿದರು. ಹೆಂಗಸರ ಕಾಲೇಜೊಂದು ಅದೇ ಕಡಲತೀರದಲ್ಲಿ 1914ರಲ್ಲಿಯೇ ಆರಂಭವಾಗಿತ್ತು. 1922ರಲ್ಲಿ ಉಪಾಧ್ಯಾಯಿನಿಯರ ತರಬೇತಿಗೆಂದು ಲೇಡಿ ವಿಲಿಂಗ್ಡನ್ ಕಾಲೇಜು ತೆರೆದಾಗ ಅದರ ಮೊದಲ ಪ್ರಾಂಶುಪಾಲರಾದವರು ಸುಬ್ಬಲಕ್ಷ್ಮಿಯವರೇ.

ಈ ವಸತಿಗೃಹ ಬ್ರಾಹ್ಮಣ ವಿಧವೆಯರಿಗೆ ಮೀಸಲಾಗಿದ್ದು, ಅವರ ಮಡಿಮೈಲಿಗೆಗಳನ್ನು ಪಾಲಿಸುತ್ತಿತ್ತು. ಹಾಗೆ ಮಾಡದಿದ್ದರೆ ಹೆತ್ತವರು ಹುಡುಗಿಯರನ್ನು ಕಳುಹಿಸುತ್ತಿರಲಿಲ್ಲ ಎಂಬುದು ನಿಜ. ಆದರೂ ಕಷ್ಟಕ್ಕೆ ಜಾತಿಯಿಲ್ಲದಿರುವಾಗ ಆಸರೆಗೆ ಜಾತಿಯಿದ್ದುದು ಒಂದು ಕುಂದೇ ಸರಿ. ಈ ದೃಷ್ಟಿಯಿಂದ ಮುಕ್ತಿ ಸದನದ ಬಾಗಿಲು ಹೆಚ್ಚು ಅಗಲವಾಗಿತ್ತು.

ವಿದ್ಯಾರ್ಥಿಗಳೇ, ಈಗ ನಮ್ಮ ಸುತ್ತಮುತ್ತಲಿಗೆ ಬರೋಣ. ಬಡ ಹುಡುಗಿಯರಿಗೆ ಕಸುಬು ಕಲಿಸಬೇಕೆಂದು ಹೊರಟವರು ಬಹುಮಟ್ಟಿಗೆ ಮೊದಲು ಕೊಳ್ಳುವುದು ಹೊಲಿಗೆಯ ಯಂತ್ರ. ಹೊಲಿಗೆ ಒಳ್ಳೆಯ ವಿದ್ಯೆ, ಸಂದೇಹವಿಲ್ಲ. ಆದರೆ ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಹಳ್ಳಿಯಲ್ಲಿ 200 ಮನೆಗಳಿವೆ ಎಂದುಕೊಳ್ಳೋಣ. ಮನೆಯೊಂದಕ್ಕೆ ವರ್ಷಕ್ಕೆ 12 ಉಡುಪುಗಳನ್ನು ಊರಿನಲ್ಲಿಯೇ ಹೊಲಿಸುತ್ತಾರೆ ಎಂದು ಹಿಡಿದರೆ ಒಟ್ಟು 2,400 ಉಡುಪುಗಳಾದುವು. ನುರಿತ ಕೈ ದಿನಕ್ಕೆ 4 ಉಡುಪುಗಳಂತೆ ವರ್ಷದಲ್ಲಿ 300 ದಿನ ಹೊಲಿದರೆ 1,200 ಆಗುತ್ತದೆ. ಎಂದರೆ ಆ ಊರಿನ ಹೊಲಿಗೆಯೆಲ್ಲ ಇಬ್ಬರ ಕೆಲಸ. ಅಲ್ಲಿ 30 ಹುಡುಗಿಯರಿಗೆ ಆರು ತಿಂಗಳು ಹೊಲಿಗೆ ಕಲಿಸಿ, ಒಬ್ಬೊಬ್ಬಳಿಗೂ ಒಂದೊಂದು ಯಂತ್ರವನ್ನು ಸಮಾರಂಭದಲ್ಲಿ ಹಂಚಿ, ಭಾವಚಿತ್ರ ತೆಗೆಸಿಕೊಂಡು ಹೋದರೆ 28 ಯಂತ್ರಗಳು ಮೂಲೆ ಸೇರುತ್ತವೆ. ಹುಡುಗಿಯರು ಸೋಮಾರಿಗಳೆಂಬ ಅಪವಾದ ಬೇರೆ ಬರುತ್ತದೆ. ತಪ್ಪು ಹುಡುಗಿಯರದಲ್ಲ, ಲೆಕ್ಕದ್ದು. ಅವರಲ್ಲಿ ಕೆಲವರು ವಿದ್ಯುತ್ ಮೋಟಾರಿಗೆ ತಂತಿ ಸುತ್ತುವುದನ್ನೋ, ಪಂಪುಸೆಟ್ಟು ದುರಸ್ತಿಯನ್ನೋ, ರೋಗಿಗಳ ಶುಶ್ರೂಷೆಯನ್ನೋ ಕಲಿತಿದ್ದರೆ ಅದೇ ಊರು ಅವರನ್ನು ಹುಡುಕಿಕೊಂಡು ಬರುತ್ತಿತ್ತು.

ಕೈಚಳಕವೊಂದೇ ಕಸುಬಲ್ಲ. ಒಂದು ಕುಪ್ಪಸಕ್ಕೆ ಎಷ್ಟು ಕೇಳಬೇಕು? ದಾರ, ಗುಂಡಿ, ಒಳಬಟ್ಟೆ, ವಿದ್ಯುತ್ತು ಇವುಗಳ ಖರ್ಚು ಕಣ್ಣಿಗೆ ಕಾಣುತ್ತದೆ. ಯಂತ್ರದ ಸವಕಳಿ, ಪೇಟೆಗೆ ಹೋಗಿಬಂದ ಹೊತ್ತು, ತಾನು ಕುಳಿತು ದುಡಿದ ಗಂಟೆಗಳು ಕಾಣುವುದಿಲ್ಲ. ಕಾಣದ್ದನ್ನು ಲೆಕ್ಕಕ್ಕೆ ಹಿಡಿಯದ ಹುಡುಗಿ ದಿನವೆಲ್ಲ ದುಡಿದೂ ಕೈಯಿಂದಲೇ ಕಳೆದುಕೊಳ್ಳುತ್ತಾಳೆ. ‘ನಮ್ಮ ಮನೆಯ ಹುಡುಗಿ ತಾನೆ’ ಎಂದು ಪುಕ್ಕಟೆಯಾಗಿ ಹೊಲಿಸಿಕೊಳ್ಳುವ ನೆಂಟರಿಷ್ಟರು ಇದ್ದೇ ಇರುತ್ತಾರೆ. ಅವರಿಗೆ ನಗುನಗುತ್ತ ಕೂಲಿ ಕೇಳುವುದೂ ಕಲಿಯಬೇಕಾದ ವಿದ್ಯೆಯೇ. ನಮ್ಮ ಹುಡುಗಿಯರಿಗೆ ಅದು ಸೂಜಿಗೆ ದಾರ ಪೋಣಿಸುವುದಕ್ಕಿಂತ ಕಷ್ಟ.

ಇನ್ನು ಗಳಿಸಿದ ಹಣದ ಮಾತು. ಈ ವಿಷಯದ ತಿರುಳೇ ಇಲ್ಲಿದೆ. ಕಲಿತಳು, ದುಡಿದಳು, ಗಳಿಸಿದಳು; ಗಳಿಸಿದ್ದು ಯಾರ ಕೈಗೆ ಹೋಯಿತು? ತಮಿಳುನಾಡಿನ ಪಶ್ಚಿಮ ಜಿಲ್ಲೆಗಳ ಕೆಲವು ನೂಲಿನ ಗಿರಣಿಗಳಲ್ಲಿ ‘ಸುಮಂಗಲಿ’ ಯೋಜನೆಯೆಂಬ ಪದ್ಧತಿ ನಡೆದಿತ್ತು. ಹೆಸರೇನೋ ಮಂಗಳಕರವಾದುದು. ಬಡ ಮನೆಗಳ ಹುಡುಗಿಯರನ್ನು ಕೆಲಸ ಕಲಿಯುವವರೆಂಬ ಹೆಸರಿನಲ್ಲಿ ಸಾಮಾನ್ಯವಾಗಿ ಮೂರು ವರ್ಷಕ್ಕೆ ಸೇರಿಸಿಕೊಳ್ಳುತ್ತಿದ್ದರು. ವಾಸ ಗಿರಣಿಯ ವಸತಿಗೃಹದಲ್ಲಿ, ಹೊರಗೆ ಹೋಗಲು ಅಪ್ಪಣೆ ಬೇಕು. ಕೂಲಿಯಲ್ಲಿ ಒಂದು ಭಾಗವನ್ನು ಹಿಡಿದಿಟ್ಟು, ಅವಧಿ ಮುಗಿದ ಮೇಲೆ ಮದುವೆಯ ಖರ್ಚಿಗೆಂದು ಇಡಿಗಂಟು ಕೊಡುವುದಾಗಿ ಮಾತು. ನಡುವೆ ಕಾಯಿಲೆ ಬಿದ್ದು ಬಿಟ್ಟುಹೋದವರಿಗೆ ಆ ಗಂಟು ಸಿಗುತ್ತಿರಲಿಲ್ಲ. 2010ರ ಆಸುಪಾಸಿನಲ್ಲಿ ಕಾರ್ಮಿಕರ ಪರವಾಗಿ ದುಡಿಯುವವರೂ ಪತ್ರಿಕೆಗಳೂ ಇದನ್ನು ಬಯಲಿಗೆಳೆದಾಗ ದೇಶವಿದೇಶಗಳಲ್ಲಿ ಸುದ್ದಿಯಾಯಿತು. ಇಲ್ಲಿ ಕಸುಬಿತ್ತು, ಕೆಲಸವಿತ್ತು, ಕೂಲಿಯೂ ಇತ್ತು. ಹಣ ಮಾತ್ರ ದುಡಿದವಳ ಕೈಯಲ್ಲಿರಲಿಲ್ಲ. ಆದುದರಿಂದ ಬಿಡುಗಡೆಯೂ ಇರಲಿಲ್ಲ. ಕೈಯಲ್ಲಿ ನಾಲ್ಕು ಕಾಸಿದ್ದರೆ ಹುಡುಗಿ ಬಸ್ಸು ಹತ್ತಿ ಊರಿಗೆ ಹೋಗಬಲ್ಲಳು. ಕಾಸನ್ನು ಹಿಡಿದಿಟ್ಟವರು ಅವಳ ಕಾಲನ್ನೂ ಹಿಡಿದಿಟ್ಟರು.

ನಮ್ಮ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 14ನೆಯ ಪ್ರಕರಣ ಹೆಣ್ಣಿನ ಆಸ್ತಿಯನ್ನು ವಿವರಿಸುವಾಗ, ಅವಳು ತನ್ನ ಸ್ವಂತ ಕೌಶಲದಿಂದಲೋ ಪರಿಶ್ರಮದಿಂದಲೋ ಗಳಿಸಿದ್ದನ್ನೂ ಅದರಲ್ಲಿ ಸೇರಿಸುತ್ತದೆ. ಮದುವೆಗೆ ಮುಂಚೆ ಗಳಿಸಿದರೂ ಸರಿ, ಆಮೇಲೆ ಗಳಿಸಿದರೂ ಸರಿ, ಅದಕ್ಕೆ ಅವಳೇ ಪೂರ್ಣ ಒಡತಿ. ಕಾಯಿದೆಯ ಪುಸ್ತಕದಲ್ಲಿರುವ ಈ ಹಕ್ಕು ಮನೆಯೊಳಗೆ ಬರುವುದು ಅವಳ ಹೆಸರಿನಲ್ಲಿ ಬ್ಯಾಂಕಿನ ಖಾತೆಯಿದ್ದು, ಅದರಿಂದ ಹಣ ತೆಗೆಯುವುದು ಅವಳಿಗೆ ಗೊತ್ತಿದ್ದಾಗ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ವ್ಯವಹರಿಸಬಹುದಾದ ಉಳಿತಾಯದ ಖಾತೆ ತೆರೆಯಲು ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ಅವಕಾಶವುಂಟು. ಒಂಬತ್ತನೆಯ ತರಗತಿಯ ನಿಮಗೆ ಇದು ದೂರದ ಮಾತೇನೂ ಅಲ್ಲ.

ಓದು ನಡುವೆ ನಿಂತುಹೋದವರ ಕಷ್ಟ ಇನ್ನೊಂದು. ಶಾಲೆ ಬಿಟ್ಟು ಏಳೆಂಟು ವರ್ಷಗಳಾದ ಹುಡುಗಿಗೆ ದಾದಿಯಾಗುವ ಬಯಕೆಯಿದ್ದರೂ ತರಬೇತಿಗೆ ಬೇಕಾದ ಪರೀಕ್ಷೆ ಪಾಸಾಗಿರುವುದಿಲ್ಲ. ಇಪ್ಪತ್ತು ವರ್ಷದವಳು ಹತ್ತು ವರ್ಷದ ಮಕ್ಕಳ ಜೊತೆಗೆ ಬೆಂಚಿನ ಮೇಲೆ ಕುಳಿತು ಆರು ವರ್ಷ ಓದುವುದು ಆಗುವ ಮಾತಲ್ಲ. ಈ ತೊಡಕನ್ನು ಸ್ವಂತ ಅನುಭವದಿಂದ ಬಲ್ಲವರೊಬ್ಬರು ಅದಕ್ಕೆ ದಾರಿ ಕಂಡುಹಿಡಿದರು. ಅವರೇ ದುರ್ಗಾಬಾಯಿ ದೇಶಮುಖ್. 1909ರಲ್ಲಿ ರಾಜಮಹೇಂದ್ರಿಯಲ್ಲಿ ಹುಟ್ಟಿದ ಅವರಿಗೆ ಎಂಟನೆಯ ವಯಸ್ಸಿನಲ್ಲಿ ಮದುವೆಯಾಗಿತ್ತು. ಬುದ್ಧಿ ಬಂದ ಮೇಲೆ ಆ ಬಂಧನದಿಂದ ಹೊರಬಂದು, ಸ್ವಾತಂತ್ರ್ಯದ ಹೋರಾಟದಲ್ಲಿ ಸೆರೆಮನೆ ಕಂಡು, ಆಮೇಲೆ ಓದಲು ಕುಳಿತರು. ಬನಾರಸಿನ ಮೆಟ್ರಿಕ್ ಪರೀಕ್ಷೆಯಿಂದ ಆರಂಭಿಸಿ, ಎಂ.ಎ. ಮುಗಿಸಿ, ಕೊನೆಗೆ ವಕೀಲರಾದರು. ತಾವು ಹತ್ತಿದ ಮೆಟ್ಟಿಲನ್ನು ಬೇರೆಯವರಿಗೂ ತೋರಿಸಲೆಂದು 1937ರಲ್ಲಿ ಮದರಾಸಿನಲ್ಲಿ ಆಂಧ್ರ ಮಹಿಳಾ ಸಭೆಯನ್ನು ಸ್ಥಾಪಿಸಿ, ಓದು ನಿಂತುಹೋದ ಹೆಂಗಸರನ್ನು ಅದೇ ಬನಾರಸಿನ ಪರೀಕ್ಷೆಗೆ ಅಣಿಗೊಳಿಸಿದರು.

ಸಂವಿಧಾನ ರಚನಾಸಭೆಯ ಸದಸ್ಯರಾಗಿದ್ದ ದುರ್ಗಾಬಾಯಿಯವರು 1953ರಲ್ಲಿ ಕೇಂದ್ರ ಸಮಾಜ ಕಲ್ಯಾಣ ಮಂಡಲಿಯ ಮೊದಲ ಅಧ್ಯಕ್ಷೆಯಾದರು. ಮಂಡಲಿಯ ಕೆಲಸ ಹಳ್ಳಿಗಳಿಗೆ ಹಬ್ಬಿದಾಗ ಒಂದು ಅಡಚಣೆ ಎದುರಾಯಿತು. ಗ್ರಾಮಸೇವಿಕೆ, ಸೂಲಗಿತ್ತಿ, ದಾದಿ, ಬಾಲವಾಡಿಯ ಶಿಕ್ಷಕಿ ಈ ಹುದ್ದೆಗಳಿಗೆ ಹಳ್ಳಿಯಲ್ಲಿ ತಕ್ಕಷ್ಟು ಓದಿದ ಹೆಂಗಸರು ಸಿಗಲಿಲ್ಲ. ಪಟ್ಟಣದಿಂದ ಕಳುಹಿಸಿದವರು ಹಳ್ಳಿಯಲ್ಲಿ ನಿಲ್ಲಲಿಲ್ಲ. ರಮಾಬಾಯಿಯವರ ಕಾಲದ ಎರಡು ಕೊರತೆಗಳು ಇಲ್ಲಿ ಮತ್ತೆ ಎದುರುಬದುರಾಗಿ ನಿಂತಿದ್ದುವು. 1958ರಲ್ಲಿ ಮಂಡಲಿ ‘ಸಂಕ್ಷಿಪ್ತ ಶಿಕ್ಷಣಕ್ರಮ’ವೊಂದನ್ನು ಜಾರಿಗೆ ತಂದಿತು. ಅಲ್ಪಸ್ವಲ್ಪ ಓದಿ ಬಿಟ್ಟ ತರುಣಿಯರನ್ನು ಒಂದೆಡೆ ಇರಿಸಿ, ಹಲವು ವರ್ಷಗಳ ಪಾಠವನ್ನು ಎರಡು ವರ್ಷಕ್ಕೆ ಇಳಿಸಿ ಕಲಿಸಿ, ಪರೀಕ್ಷೆಗೆ ಕೂರಿಸುವುದು ಇದರ ಕ್ರಮ. ವಯಸ್ಸಿಗೆ ಬಂದವರ ತಿಳಿವಳಿಕೆ ಮಕ್ಕಳದಕ್ಕಿಂತ ಬೇಗ ಓಡುತ್ತದೆ. ಅದಕ್ಕೆ ಮಕ್ಕಳ ವೇಗದಲ್ಲಿಯೇ ಕಲಿಸಬೇಕಾಗಿಲ್ಲ. ಸರಳವಾದ ಈ ಸತ್ಯದ ಬಲದಿಂದ ಎಷ್ಟೋ ಹೆಂಗಸರು ಬಿಟ್ಟುಹೋಗಿದ್ದ ನೂಲಿನ ತುದಿಯನ್ನು ಮತ್ತೆ ಹಿಡಿದುಕೊಂಡರು.

ಇಂದು ಕಸುಬು ಕಲಿಯಲು ಇರುವ ಸಾಮಾನ್ಯವಾದ ದಾರಿ ಕೈಗಾರಿಕಾ ತರಬೇತಿ ಸಂಸ್ಥೆ, ಜನ ಐ.ಟಿ.ಐ. ಎನ್ನುತ್ತಾರೆ. ಇವುಗಳಲ್ಲಿ ನಡೆಯುವ ತರಬೇತಿ ಯೋಜನೆ 1950ರಲ್ಲಿ ಆರಂಭವಾದುದು. ಕೆಲವು ಕಸುಬುಗಳಿಗೆ ಎಂಟನೆಯ ತರಗತಿ, ಹೆಚ್ಚಿನವುಗಳಿಗೆ ಹತ್ತನೆಯ ತರಗತಿ ಮುಗಿದಿರಬೇಕು. ಹೆಂಗಸರಿಗಾಗಿಯೇ ಇರುವ ಸಂಸ್ಥೆಗಳೂ ಉಂಟು. 1970ರ ದಶಕದ ಕೊನೆಯ ಭಾಗದಲ್ಲಿ ಕೇಂದ್ರ ಸರಕಾರ ಇಂತಹ ಉನ್ನತ ತರಬೇತಿ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲಿ ಒಂದು ಬೆಂಗಳೂರಿಗೆ ಬಂತು. ತರಬೇತಿ ಮುಗಿಸಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ದೊರೆಯುವ ರಾಷ್ಟ್ರೀಯ ಪ್ರಮಾಣಪತ್ರಕ್ಕೆ ದೇಶದ ಯಾವ ಮೂಲೆಯಲ್ಲಿಯೂ ಮಾನ್ಯತೆಯಿದೆ. ಬೀದರಿನಲ್ಲಿ ಕಲಿತ ಹುಡುಗಿ ಅದನ್ನು ಹಿಡಿದು ಪುಣೆಯ ಕಾರ್ಖಾನೆಗೆ ಹೋಗಬಹುದು.

ಆದರೆ ದಿಕ್ಕಿಲ್ಲದ ಹುಡುಗಿಗೆ ಬಾಗಿಲು ತೆರೆದಿದ್ದರೆ ಸಾಲದು, ಆ ಬಾಗಿಲಿನ ಬಳಿ ಉಳಿದುಕೊಳ್ಳಲು ಸುರಕ್ಷಿತವಾದ ಒಂದು ಜಾಗವೂ ಬೇಕು. ರಮಾಬಾಯಿ, ಕರ್ವೆ, ಸುಬ್ಬಲಕ್ಷ್ಮಿ ಈ ಮೂವರೂ ಪಾಠಶಾಲೆಯ ಜೊತೆಗೆ ಮನೆಯನ್ನು ಕಟ್ಟಿದುದು ಸುಮ್ಮನೆ ಅಲ್ಲ. ವಸತಿಗೃಹವಿಲ್ಲದ ತರಬೇತಿ ಕೇಂದ್ರ ಹತ್ತಿರದ ಊರಿನ, ಮನೆಯವರ ಬೆಂಬಲವುಳ್ಳ ಹುಡುಗಿಯರಿಗೆ ಒದಗುತ್ತದೆ; ಹೆಚ್ಚು ಅಗತ್ಯವಿರುವವಳು ಹೊರಗೇ ಉಳಿಯುತ್ತಾಳೆ.

ತರಬೇತಿಯ ಹೆಸರಿನಲ್ಲಿ ದುಡಿಸಿಕೊಳ್ಳುವವರೂ ಇರುವುದರಿಂದ ಕೆಲವು ವಿಷಯಗಳನ್ನು ಸೇರುವ ಮುನ್ನವೇ ವಿಚಾರಿಸಿಕೊಳ್ಳಬೇಕು. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಯಾವ ಉದ್ಯಮದಲ್ಲಿಯೂ ದುಡಿಸುವಂತಿಲ್ಲ. ಹದಿನೆಂಟು ತುಂಬದವರನ್ನು ಅಪಾಯಕರವಾದ ಕೆಲಸಗಳಿಗೆ ಹಚ್ಚುವಂತಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯಿದೆ ಹೀಗೆ ಹೇಳುತ್ತದೆ. ಕಾರ್ಖಾನೆಯಲ್ಲಿ ಇದ್ದುಕೊಂಡೇ ಕಸುಬು ಕಲಿಯುವವರಿಗಾಗಿ 1961ರ ಶಿಶಿಕ್ಷು ಅಧಿನಿಯಮವಿದೆ. ಅದರ ಪ್ರಕಾರ ಕಲಿಯುವವಳಿಗೂ ಮಾಲೀಕನಿಗೂ ಲಿಖಿತ ಒಪ್ಪಂದವಾಗಬೇಕು, ಅದು ನೋಂದಣಿಯಾಗಬೇಕು, ಕಲಿಯುವ ಕಾಲದಲ್ಲಿ ನಿಯಮದಂತೆ ವೇತನ ಸಲ್ಲಬೇಕು. ಒಪ್ಪಂದದ ಒಂದು ಪ್ರತಿ ಹುಡುಗಿಯ ಹತ್ತಿರವೂ ಇರಲಿ. ಅದರಲ್ಲಿ ಕಲಿಸುವ ಕಸುಬಿನ ಹೆಸರು, ಅವಧಿ, ತಿಂಗಳಿಗೆ ಕೊಡುವ ಹಣ, ಆ ಹಣ ಯಾವ ಖಾತೆಗೆ ಸೇರುತ್ತದೆ ಎಂಬ ವಿವರ, ಇಷ್ಟನ್ನು ಓದಿಕೊಂಡ ಮೇಲೆಯೇ ರುಜು ಹಾಕಬೇಕು.